ಬ್ರೇಕ್ ಒತ್ತಿದಾಗಷ್ಟೇ ನಡುಗುವ ಗಾಡಿ

ಗುರುವಾರ ನಮ್ಮ ಮನೆಯಲ್ಲಿ ಬೆಳಗು ಒಂದು ತಾಸು ಮೊದಲೇ ಆಗುತ್ತದೆ. ಮುಂಡರಗಿಯಲ್ಲಿ ನನ್ನ ಅಕ್ಕ ಇದ್ದಾಳೆ. ಎಡಭಾಗಕ್ಕೆ ಲಕ್ವಾ ಹೊಡೆದು ಆರು ವರ್ಷವಾಯಿತು. ವಾರಕ್ಕೊಮ್ಮೆ ನಾನೇ ಕಾರು ನಡೆಸಿಕೊಂಡು ಹೋಗಿ ಅವಳಿಗೆ ತಲೆ ಎರೆದು, ಹೆರಳು ಹಾಕಿ, ಜೊತೆಗೆ ಕೂತು ಉಂಡು, ಹೊತ್ತು ಇಳಿಯುವ ಮೊದಲು ಬೆಟಗೇರಿಗೆ ಮರಳುತ್ತೇನೆ. ಮೊನ್ನೆಯ ಗುರುವಾರವೂ ಹಾಗೆಯೇ ಎದ್ದು ಹನ್ನೆರಡು ರೊಟ್ಟಿ ಬಡಿದು, ಆರು ಇಲ್ಲಿಗೆ ಆರು ಅಲ್ಲಿಗೆ ಎಂದು ಬೇರೆ ಬೇರೆ ಅರಿವೆಯಲ್ಲಿ ಸುತ್ತಿಟ್ಟೆ. ಅಕ್ಕನಿಗೆ ಸೇರುವ ಪುಂಡಿಪಲ್ಯವನ್ನು ಡಬ್ಬಿಗೆ ತುಂಬಿದೆ. ಓಣಿಯ ತುದಿಯ ಮನೆಯಲ್ಲಿ ಮಗ್ಗ ಆಗಲೇ ಶುರುವಾಗಿತ್ತು. ನಮ್ಮ ಮನೆಯವರು ಪಡಸಾಲೆಯಲ್ಲಿ ಪೇಪರು ಹರವಿಕೊಂಡು ಕೂತಿದ್ದರು.

"ಇಲ್ನೋಡು," ಎಂದರು, "ನಿನ್ನ ಮೇಸ್ತ್ರಿ ಹೋದ್ನಲ್ಲ."

ಹಿಟ್ಟಿನ ಕೈಯಲ್ಲೇ ಬಂದು ನೋಡಿದೆ. ನಿಧನದ ಸುದ್ದಿಗಳ ನಡುವೆ ಬೆರಳಿನ ಉಗುರಿನಷ್ಟು ಒಂದು ಫೋಟೋ. ನನಗೆ ಮೊದಲು ಬಂದದ್ದು ದುಃಖವಲ್ಲ, ಸಂಶಯ. ಇವರು ಅವರೇ ಹೌದೋ ಅಲ್ಲವೋ? ಫೋಟೋದಲ್ಲಿದ್ದ ಮನುಷ್ಯ ನೆಟ್ಟಗೆ ನನ್ನನ್ನೇ ನೋಡುತ್ತಿದ್ದ. ನಾನು ಕಂಡ ಮೇಸ್ತ್ರಿ ಯಾರನ್ನೂ ಹಾಗೆ ನೆಟ್ಟಗೆ ನೋಡಿದವರಲ್ಲ. ಕೆಳಗೆ ಊರು ಬಾಳೆಹೊಸೂರ ಎಂದು ಬರೆದಿತ್ತು, ಗ್ಯಾರೇಜಿನ ಮಾತೂ ಇತ್ತು. ಅವರೇ.

ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ಒಂದು ಕಾಲಕ್ಕೆ ನಾನು ಆ ಹೆಸರನ್ನು ಆಡಬಾರದ ರೀತಿಯಲ್ಲಿ ಆಡಿದ್ದೇನೆ. ಮೇಸ್ತ್ರಿ ಎಂದರೆ ಸಾಕು.

ನಾಲ್ಕು ವರ್ಷದ ಹಿಂದಿನ ಮಾತು. ಮುಂಡರಗಿಯ ದಾರಿಯಲ್ಲಿ, ಡಂಬಳ ಇನ್ನೂ ಸ್ವಲ್ಪ ದೂರ ಇರುವಾಗ ಒಂದು ಇಳುಕಲು ಬರುತ್ತದೆ. ಅಲ್ಲಿ ಒಂದು ದಿನ ಎದುರಿಗೆ ಎಮ್ಮೆ ಬಂತೆಂದು ಬ್ರೇಕ್ ಒತ್ತಿದೆ. ಸ್ಟೇರಿಂಗ್ ನನ್ನ ಕೈಯಲ್ಲಿ ಗಡಗಡ ನಡುಗಿತು, ಜ್ವರ ಬಂದ ಮಗುವಿನ ಹಾಗೆ. ಕಾಲು ತೆಗೆದೆ, ಸುಮ್ಮನಾಯಿತು. ಮತ್ತೆ ಒತ್ತಿದೆ, ಮತ್ತೆ ನಡುಕ. ಮುಂದಿನ ವಾರವೂ ಅದೇ. ಮನೆಗೆ ಬಂದು ಹೇಳಿದರೆ ನಮ್ಮ ಮನೆಯವರು ಕಾರು ತೆಗೆದುಕೊಂಡು ಪೇಟೆಗೆ ಹೋಗಿ ಒಂದು ಸುತ್ತು ಹಾಕಿ ಬಂದರು.

"ಏನೂ ಇಲ್ಲ. ಬೆಣ್ಣಿ ಹಂಗ ಐತಿ ಗಾಡಿ. ನಡಗೂದು ನಿನ್ನ ಕೈ."

"ನನ್ನ ಕೈ ಬ್ರೇಕ್ ಒತ್ತಿದಾಗ ಅಷ್ಟ ನಡಗತಾವೇನ್ರಿ?"

"ಅಂಜಿಕಿ ಆದಾಗ ನಡಗತಾವ. ಐವತ್ತು ದಾಟಿತು, ಸಣ್ಣ ಹುಡುಗಿ ಏನ ನೀನು?"

ಅವರ ಗೆಳೆಯರೊಬ್ಬರ ಅಂಗಡಿಯಲ್ಲಿ ಗಾಲಿಗಳ ಬ್ಯಾಲೆನ್ಸಿಂಗ್, ಅಲೈನ್‌ಮೆಂಟ್ ಎಲ್ಲ ಮಾಡಿಸಿದೆವು. ನಡುಕ ಹಾಗೇ ಉಳಿಯಿತು. ಅಲ್ಲಿಯೂ "ಅಕ್ಕಾರು ಹಗೂರಕ ನಡಸ್ಬೇಕ್ರಿ" ಎಂದರಂತೆ. ಅಂದಿನಿಂದ ಕಾರಿನ ಕೀಲಿ ಗೂಟದಿಂದ ನಮ್ಮ ಮನೆಯವರ ಅಂಗಿಯ ಕಿಸೆಗೆ ಹೋಯಿತು. ಸರಿ ಹೋದರೆ ಸರಿ, ಇಲ್ಲವಾದರೆ ಇನ್ನು ಬಸ್ಸಿನಲ್ಲಿ ಹೋಗು ಎಂದು ತೀರ್ಮಾನ. ನಾನು ಕಾರು ಕಲಿತದ್ದು ನಲವತ್ತೈದಕ್ಕೆ. ಮದುವೆಯಾದ ಮೇಲೆ ನಾನೊಬ್ಬಳೇ, ನನಗೋಸ್ಕರ ಕಲಿತದ್ದು ಅದೊಂದೇ. ಬಸ್ಸಿನಲ್ಲಿ ಅಕ್ಕನ ಹತ್ತಿರ ಹೋಗಬಹುದು. ಆದರೆ "ಅವಳಿಗೆ ಕೈ ನಡಗತಾವ" ಎನ್ನುವ ಮಾತು ನನ್ನ ಬೆನ್ನಿಗೆ ಅಂಟಿಕೊಂಡರೆ ಅದನ್ನು ಬಿಡಿಸುವವರು ಯಾರು?

ನಮ್ಮ ಅತ್ತೆ ಮಾತ್ರ ನನ್ನ ಪರ. ಅವರ ಲೆಕ್ಕದಲ್ಲಿ ಕಾರಿಗೆ ಯಾರದೋ ಕಣ್ಣು ತಾಗಿತ್ತು. ಜಡ್ಡಿನ ಮನೆಗೆ ಹೋಗಿ ಬಂದವರು ಕಾಲು ತೊಳೆದೇ ಒಳಗೆ ಬರಬೇಕು. ಗಾಡಿಗೂ ಕಾಲಿದೆಯಲ್ಲ, ಅದಕ್ಕೂ ತೊಳೆಯಬೇಕು. ಹೀಗೆಂದು ನಾನು ಮುಂಡರಗಿಯಿಂದ ಬಂದೊಡನೆ ಗೇಟಿನ ಹೊರಗೇ ಕಾರು ನಿಲ್ಲಿಸಿ ಮುಂದಿನ ಎರಡು ಗಾಲಿಗೆ ಒಂದೊಂದು ಕೊಡ ತಣ್ಣೀರು ಸುರಿದು ಆಮೇಲೆ ಒಳಗೆ ತರುವುದು ನಮ್ಮಲ್ಲಿ ಮೊದಲಿನಿಂದ ನಡೆದುಬಂದಿತ್ತು. ನಡುಕ ಶುರುವಾದ ಮೇಲೆ ಒಂದೊಂದು ಕೊಡ ಇದ್ದದ್ದು ಎರಡೆರಡಾಯಿತು.

ಆ ಹೊತ್ತಿಗೆ ಈ ಮೇಸ್ತ್ರಿಯ ಸುದ್ದಿ ಹೇಳಿದವರು ಎದುರು ಮನೆಯ ವೈನಿ. ಮುಂಡರಗಿ ರಸ್ತೆಗೆ ಹೊರಳುವ ಕಡೆ ತಗಡಿನ ಶೆಡ್ಡು, ಮೊದಲು ಶಿರಹಟ್ಟಿಯಲ್ಲಿ ಟ್ರ್ಯಾಕ್ಟರ್ ರಿಪೇರಿ ಮಾಡುತ್ತಿದ್ದವರು, ಬ್ರೇಕಿನ ಕೆಲಸಕ್ಕೆ ಲಕ್ಷ್ಮೇಶ್ವರದಿಂದಲೂ ಜನ ಬರುತ್ತಾರೆ ಎಂದರು. ನಾನೂ ನಮ್ಮ ಮನೆಯವರೂ ಹೋದೆವು.

ನಾನು ಓದಿದ್ದು ಕಾನ್ವೆಂಟಿನಲ್ಲಿ. ದಿನಾ ಬೆಳಗ್ಗೆ ಪ್ರಾರ್ಥನೆಯಾದ ಮೇಲೆ ಸಿಸ್ಟರ್ ಒಬ್ಬೊಬ್ಬರ ಉಗುರು ನೋಡುತ್ತಿದ್ದರು, ಆಮೇಲೆ ಕಣ್ಣು. ಕಣ್ಣು ತಪ್ಪಿಸಿದವಳ ಚೀಲದಲ್ಲಿ ಏನೋ ಇದೆ ಎಂದೇ ಅವರ ನಂಬಿಕೆ. ಆ ಪಾಠ ನನಗೆ ಇಂದಿಗೂ ಬಿಟ್ಟಿಲ್ಲ. ಮೇಸ್ತ್ರಿಯ ಉಗುರು ನೋಡಿದೆ: ಬೆಳ್ಳಗೆ, ಮದುವೆಗೆ ಹೊರಟವರ ಹಾಗೆ. ಗ್ಯಾರೇಜಿನವನಿಗೆ ಇಷ್ಟು ಚೊಕ್ಕ ಉಗುರು ಹೇಗೆ? ಕೆಲಸ ಮಾಡುತ್ತಾನೋ, ಮಾಡಿಸುತ್ತಾನೋ? ಆಮೇಲೆ ಕಣ್ಣು. ಮಾತಾಡಿಸಿದರೆ ಮುಖ ಓರೆ ಮಾಡಿ, ಗೋಡೆಯ ಕಡೆ ನೋಡುತ್ತ ಕೇಳಿಸಿಕೊಳ್ಳುತ್ತಿದ್ದರು. ಆಯಿತು, ಎಂದುಕೊಂಡೆ ನಾನು.

ಅವರು ಬಾನೆಟ್ಟು ಎತ್ತಲಿಲ್ಲ, ಗಾಲಿ ಬಿಚ್ಚಲಿಲ್ಲ. ನನ್ನ ಪಕ್ಕದ ಸೀಟಿನಲ್ಲಿ ಬಂದು ಕೂತರು.

"ಅಕ್ಕಾರ, ನೀವ ನಡಸ್ರಿ. ನಾ ಕೇಳತೀನಿ."

"ನಾನ ನಡಸ್ತೀನಿ, ಆಕಿಗೆ ಬ್ಯಾಡ," ಎಂದರು ನಮ್ಮ ಮನೆಯವರು.

"ನಡಗಿದ್ದು ಯಾರ ಕೈಯಾಗ್ರಿ ಸಾಹೇಬ್ರ?"

"ಆಕಿ ಕೈಯಾಗ."

"ಹಂಗಾರ ಅವ್ರ ನಡಸ್ಬೇಕ್ರಿ. ನೀವು ಹಿಂದ ಕುಂಡ್ರಿ, ಸೀಟು ನಡಗತೈತೇನು ನೋಡ್ರಿ."

ಬಿಂಕದಕಟ್ಟಿಯ ಕಡೆ ಹೋಗಿ ಬಂದೆವು. ದಾರಿಯುದ್ದಕ್ಕೂ ಅವರ ಕಣ್ಣು ಮುಚ್ಚಿದ್ದವು. ನಿದ್ದೆ ಹತ್ತಿರಬೇಕು ಎಂದು ನಾನು ಅಂದುಕೊಳ್ಳುವಷ್ಟರಲ್ಲಿ ಒಂದೊಂದೇ ಪ್ರಶ್ನೆ ಬರುತ್ತಿತ್ತು. ಸುಮ್ಮನೆ ಹೋಗುವಾಗ ನಡುಗುತ್ತದೋ, ಬ್ರೇಕ್ ಒತ್ತಿದಾಗ ಮಾತ್ರವೋ? ಬರೀ ಸ್ಟೇರಿಂಗೋ, ಕುಂಡಿಯ ಕೆಳಗೂ ಗೊತ್ತಾಗುತ್ತದೋ? (ಈ ಪ್ರಶ್ನೆಗೆ ನಾನು ಉತ್ತರಿಸಲಿಲ್ಲ.) ಮನೆ ಬಿಟ್ಟ ಕೂಡಲೇ ಆಗುತ್ತದೋ, ಇಪ್ಪತ್ತು ಕಿಲೋಮೀಟರ್ ಹೋದ ಮೇಲೋ? ಎಲ್ಲಿ, ಯಾವ ಜಾಗದಲ್ಲಿ?

ಆ ದಿನ ಬಿಂಕದಕಟ್ಟಿಯ ದಾರಿಯಲ್ಲಿ ಗಾಡಿ ಒಂದು ಸಲವೂ ನಡುಗಲಿಲ್ಲ. ಹಿಂದಿನ ಸೀಟಿನಿಂದ ಸಣ್ಣಗೆ ನಗು ಕೇಳಿಸಿತು. ನನ್ನ ಕಿವಿ ಬಿಸಿಯಾದವು.

"ಗಾಡಿ ಬಿಟ್ಟ ಹೋಗ್ರಿ ಅಕ್ಕಾರ," ಎಂದರು ಮೇಸ್ತ್ರಿ, ಗೋಡೆ ನೋಡುತ್ತ. "ನಾಳಿ ಸಂಜಿಗೆ ಹೇಳತೀನಿ."

ಕೀಲಿ ಕೊಡುವ ಮೊದಲು ಕಿಲೋಮೀಟರಿನ ಅಂಕಿಯನ್ನು ನನ್ನ ಪುಟ್ಟ ಡೈರಿಯಲ್ಲಿ ಬರೆದುಕೊಂಡೆ. ಹಾಲಿನ ಚೀಟಿ, ಗ್ಯಾಸಿನ ತಾರೀಖು ಬರೆಯುವ ಡೈರಿ ಅದು. ಮರುದಿನ ನೋಡಿದರೆ ನಲವತ್ತಾರು ಕಿಲೋಮೀಟರ್ ಹೆಚ್ಚಾಗಿತ್ತು! ನನ್ನ ಸೀಟು ಹಿಂದಕ್ಕೆ ಸರಿದಿತ್ತು. ಪೆಡಲಿನ ಕೆಳಗಿನ ಹಾಸಿನ ಮೇಲೆ ಕೆಂಪು ಮಣ್ಣು. ನಾನು ಏನೂ ಕೇಳಲಿಲ್ಲ. ಕೇಳದೆ ಇಟ್ಟುಕೊಂಡ ಸಂಶಯ ಎಷ್ಟು ಬೇಗ ಬೆಳೆಯುತ್ತದೆ ಎನ್ನುವುದು ನನಗೆ ಆಗ ಗೊತ್ತಿರಲಿಲ್ಲ.

ಅಷ್ಟರಲ್ಲಿ ಅವರು ಮುಂದಿನ ಎರಡೂ ಗಾಲಿ ಬಿಚ್ಚಿ ಕಾರನ್ನು ಎತ್ತಿ ನಿಲ್ಲಿಸಿದ್ದರು. ಬಿಚ್ಚಿದ ಒಂದೊಂದು ಸಾಮಾನೂ ಹಳೆಯ ಪೇಪರಿನ ಮೇಲೆ ಬಿಚ್ಚಿದ ಕ್ರಮದಲ್ಲೇ ಸಾಲಾಗಿ ಕೂತಿತ್ತು, ಬಾಳೆ ಎಲೆಗೆ ಬಡಿಸಿದ ಹಾಗೆ. ಅದನ್ನು ಯಾರೂ ದಾಟುವಂತಿಲ್ಲ. ಗಾಲಿಯ ಹಿಂದಿನ ಹೊಳೆಯುವ ತಟ್ಟೆಗೆ, ಅದೇ ಡಿಸ್ಕು, ಅವರು ಗಡಿಯಾರದಂಥ ಒಂದು ಅಳತೆಯನ್ನು ಹಚ್ಚಿ ತಟ್ಟೆಯನ್ನು ಕೈಯಿಂದ ನಿಧಾನ ತಿರುಗಿಸಿದರು. ಮುಳ್ಳು ಒಂದು ಕಡೆ ಸುಮ್ಮನಿದ್ದು, ಒಂದು ಕಡೆ ಬಂದಾಗ ಕುಪ್ಪಳಿಸಿತು.

"ನೋಡ್ರಿ ಸಾಹೇಬ್ರ. ತಾಟು ಸಪಾಟಿಲ್ಲ. ಬ್ರೇಕ್ ಒತ್ತಿದಾಗ ಪ್ಯಾಡು ಇದನ್ನ ಹಿಡೀತೈತಿ. ಉಬ್ಬಿದ್ದಲ್ಲಿ ಒಮ್ಮಿ ಬಿಗಿ, ತಗ್ಗಿನ್ಯಾಗ ಒಮ್ಮಿ ಸಡ್ಲ. ಅದ ನಡಕ, ಸೀದಾ ಸ್ಟೇರಿಂಗಿಗೆ ಬರತೈತಿ. ಹಿಂದಿನ ಗಾಲಿದಾದ್ರ ಸೀಟಿಗೆ ಬರ್ತಿತ್ತು. ಊರಾಗ ಸಣ್ಣಕ ಹೋದ್ರ ಗೊತ್ತಾಗಂಗಿಲ್ಲ. ತಾಟು ಕಾಯಬೇಕು, ಜೋರಿರಬೇಕು, ಇಳಕಲಿರಬೇಕು." ಅಳತೆಯನ್ನು ಬಿಚ್ಚುತ್ತ ಸೇರಿಸಿದರು: "ಅಕ್ಕಾರ ಕೈ ಗಟ್ಟಿ ಅದಾವ್ರಿ."

ಆ ಮಾತು ಕೇಳಿ ನಾನು ಸಂತೋಷಪಡಬೇಕಿತ್ತು. ಪಟ್ಟೆ ಕೂಡ, ಎರಡು ನಿಮಿಷ. ಆಮೇಲೆ, ನಮ್ಮನ್ನು ಮೆಚ್ಚಿಸಲಿಕ್ಕೆ ಅಂದಿರಬಹುದೇ ಎಂದು ಕೊರೆಯಲು ಶುರುವಾಯಿತು.

ತಟ್ಟೆಗಳನ್ನು ಲೇಥ್‌ಗೆ ಹಾಕಿಸಿ ಸಪಾಟು ಮಾಡಿಸಿದರು. ಅವು ಕೂಡುವ ಜಾಗದ ತುಕ್ಕನ್ನು ತಂತಿಯ ಬ್ರಷ್‌ನಿಂದ ಉಜ್ಜಿ ತೆಗೆದರು. ಪ್ಯಾಡನ್ನು ಹಿಡಿದಿರುವ ಭಾಗದ ಒಂದು ಪಿನ್ನು ಜಾಮಾಗಿ ಜಾರುತ್ತಿರಲಿಲ್ಲ. ಅದನ್ನು ಸ್ವಚ್ಛ ಮಾಡಿ ಗ್ರೀಸು ಸವರಿದರು. ಗಾಲಿಯ ನಟ್ಟುಗಳನ್ನು ಒಂದಾದ ಮೇಲೆ ಅದರ ಎದುರಿನದು ಹೀಗೆ ಕೈಯಳತೆಯಲ್ಲಿ ಸಮನಾಗಿ ಬಿಗಿದರು. ಆ ಹೊತ್ತಿಗೆ ಪಕ್ಕದಲ್ಲಿ ಒಬ್ಬ ಟಂಟಂ ರಿಕ್ಷಾದ ಡ್ರೈವರ್ ಗಾಲಿಗೆ ಹಚ್ಚಿದ ಪಾನದ, ಅಂದರೆ ಸ್ಪ್ಯಾನರಿನ, ಮೇಲೆ ಹತ್ತಿ ನಿಂತು ನಟ್ಟು ಬಿಗಿಯುತ್ತಿದ್ದ. ಮೇಸ್ತ್ರಿಯ ದನಿ ಏರಿದ್ದನ್ನು ನಾನು ಕೇಳಿದ್ದು ಅದೊಂದೇ ಸಲ.

"ಲೇ, ನಟ್ಟಿನ ಮ್ಯಾಲ ಕುಣೀತೀಯೇನಲೇ? ನಿನ್ನ ಕಿವಿ ಹಿಂಗ ತಿರವಿದ್ರ ಹೆಂಗಾಗತೈತಿ? ಇಳಿ ಕೆಳಗ!"

ಕೆಲಸ ಮುಗಿದ ಮೇಲೆ ಕಟ್ಟಿಗೆಯ ಹೊಟ್ಟು ಕಲೆಸಿದ ಸಾಬೂನಿನ ಪುಡಿಯಿಂದ ಮೊಣಕೈ ತನಕ ತಿಕ್ಕಿ ತೊಳೆದು, ಉಗುರು ಒಂದೊಂದಾಗಿ ನೋಡಿಕೊಂಡು, ಆಮೇಲೆಯೇ ಸ್ಟೇರಿಂಗ್ ಮುಟ್ಟಿದರು. ಉಗುರಿನ ಗುಟ್ಟು ತಿಳಿಯಿತು. ಆದರೆ ನಲವತ್ತಾರು ಕಿಲೋಮೀಟರ್ ನನ್ನ ಡೈರಿಯಲ್ಲೇ ಇತ್ತು.

ಎರಡೂವರೆ ತಿಂಗಳು ಗಾಡಿ ಬೆಣ್ಣೆಯ ಹಾಗೆ ಹೋಯಿತು. ಕೀಲಿ ಮತ್ತೆ ಗೂಟಕ್ಕೆ ಬಂತು. ಆಮೇಲೆ ಒಂದು ಗುರುವಾರ ಅದೇ ಇಳುಕಲಿನಲ್ಲಿ, ಮೊದಲು ಸಣ್ಣಗೆ, ಮುಂದಿನ ವಾರ ಚೆನ್ನಾಗಿ, ಸ್ಟೇರಿಂಗ್ ನಡುಗಿತು.

ಆಗ ನನ್ನೊಳಗೆ ಎಲ್ಲವೂ ಸಾಲಾಗಿ ಕೂತಿತು. ಓರೆ ನೋಟ, ಕೆಂಪು ಮಣ್ಣು, ನಲವತ್ತಾರು ಕಿಲೋಮೀಟರ್, ಮುಖಸ್ತುತಿ. ಮತ್ತೆ ಮತ್ತೆ ಬರಲಿ ಎಂದು ಅರ್ಧ ಕೆಲಸ ಮಾಡಿ ಕೊಡುತ್ತಾನೆ. ಬಿಟ್ಟ ಗಾಡಿಯನ್ನು ತನ್ನ ಓಡಾಟಕ್ಕೆ ಬಳಸುತ್ತಾನೆ. ಸಂಜೆ ಎದುರು ಮನೆಯ ಕಟ್ಟೆಯ ಮೇಲೆ ಶೇಂಗಾ ಸುಲಿಯುತ್ತ ವೈನಿಯ ಮುಂದೆ ಹೇಳಿಯೇಬಿಟ್ಟೆ. ನಾನು ಮೆಲ್ಲಗೆ ಮಾತಾಡುವವಳು. ಮೆಲ್ಲಗೆ ಮಾತಾಡುವವರು ಒಂದು ಮಾತು ಆಡಿದರೆ ಜನ ಬೇಗ ನಂಬುತ್ತಾರೆ.

"ಖರೇನ?" ಎಂದರು ವೈನಿ, ಸುಲಿಯುವುದನ್ನು ನಿಲ್ಲಿಸಿ. "ಊರ ತಿರಗತಾನ?"

"ಬರದಿಟ್ಟೀನ್ರಿ ವೈನಿ. ನಲವತ್ತಾರು."

"ಅಯ್ಯ ಶಿವನ! ನೋಡಿದ್ರ ಎಷ್ಟ ಸಂಭಾವಿತ ಕಾಣತಾನ."

ಕಟ್ಟೆಯ ಮೇಲೆ ಇನ್ನೂ ಇಬ್ಬರು ಇದ್ದರು. ಅವರೂ ಕೇಳಿಸಿಕೊಂಡರು.

ಕಾರು ಮತ್ತೆ ಅವರ ಶೆಡ್ಡಿಗೇ ಹೋಯಿತು. ನಮ್ಮ ಮನೆಯವರಿಗೆ ಈಗ ಅವರ ಮೇಲೆ ವಿಶ್ವಾಸ. ಮೇಸ್ತ್ರಿ ಗಾಲಿ ಬಿಚ್ಚಿ ತಟ್ಟೆಯ ಮೇಲೆ ಬೆರಳು ಆಡಿಸಿದರು. ಅಲ್ಲಿ ಒಂದು ಕಂದು ಕಲೆ ಇತ್ತು, ಸರಿಯಾಗಿ ಪ್ಯಾಡಿನ ಆಕಾರ. ಅವರ ಮುಖದಲ್ಲಿ ನನಗೆ ಪರಿಚಯವಿದ್ದ ಒಂದು ಭಾವ ಕಂಡಿತು. ಅದು ಸಂಶಯ. ನನ್ನ ಮೇಲೆ!

"ಅಕ್ಕಾರ, ಗಾಡಿ ಎಂದ ತೊಳೀತೀರಿ?"

"ರವಿವಾರ." ಅದು ನಿಜವೇ ಆಗಿತ್ತು.

"ಊರಿಂದ ಬಂದ ಮ್ಯಾಲ ಏನ ಮಾಡತೀರಿ?"

"ನಿಲ್ಲಸ್ತೀವಿ. ಮತ್ತೇನ ಮಾಡೂದು?"

"ಗುರುವಾರ ಎಷ್ಟಕ್ಕ ಬರತೀರಿ ವಾಪಸ್?"

ಇದೇಕೆ ಬೇಕು ಇವರಿಗೆ? ನಮ್ಮ ಮನೆಯವರು "ನಾಲ್ಕೂವರಿ ಸುಮಾರು" ಎಂದುಬಿಟ್ಟರು. ಮೇಸ್ತ್ರಿ ತಲೆಯಾಡಿಸಿ, ಗಾಲಿ ಹಾಗೇ ಹಾಕಿ, "ಈ ವಾರ ಹಿಂಗ ನಡಸ್ರಿ, ಇಳಕಲಿನ್ಯಾಗ ಸಾವಕಾಶ ಬರ್ರಿ, ಮುಂದಿನ ವಾರ ಮಾಡೋಣು" ಎಂದು ಕಳಿಸಿದರು. ಏನೂ ಮಾಡದೆ ಕಳಿಸಿದರಲ್ಲ ಎಂದು ನನಗೆ ಮತ್ತೊಂದು ಉರಿ.

ಆ ಗುರುವಾರ ಮುಂಡರಗಿಯಿಂದ ಬಂದು ಗೇಟಿನ ಹೊರಗೆ ಕಾರು ನಿಲ್ಲಿಸಿದೆ. ಓಣಿಯ ಬೇವಿನ ಗಿಡದ ಮರೆಯಲ್ಲಿ ಒಬ್ಬರು ನಿಂತಿದ್ದರು. ಮೇಸ್ತ್ರಿ! ಸೈಕಲ್ಲು ಗಿಡಕ್ಕೆ ಒರಗಿಸಿ ನಮ್ಮ ಮನೆಯನ್ನೇ ನೋಡುತ್ತಿದ್ದಾರೆ. ನಮ್ಮ ಮನೆಯವರು ಇನ್ನೂ ಬಂದಿಲ್ಲ, ಒಳಗೆ ಅತ್ತೆ ಒಬ್ಬರೇ. ಇವರು ನಮ್ಮ ಮನೆಯ ಹೊತ್ತುಗೊತ್ತು ಕೇಳಿದ್ದು ಇದಕ್ಕೇನು? ಕಂಡೂ ಕಾಣದ ಹಾಗೆ ನನ್ನ ಕೆಲಸಕ್ಕೆ ಹತ್ತಿದೆ. ಅತ್ತೆ ಕೊಡ ತಂದು ಬಾಗಿಲಲ್ಲಿಟ್ಟಿದ್ದರು. ಮೊದಲ ಕೊಡವನ್ನು ಕಾರಿನ ಬಲಗಡೆಯ ಗಾಲಿಗೆ ಸುರಿದೆ. ಚುಂಯ್ ಎಂದು ಹಬೆ ಎದ್ದಿತು, ಎಂದಿನಂತೆ.

"ಸಿಕ್ಕಿತು!" ಎಂದು ಬೇವಿನ ಗಿಡದ ಕಡೆಯಿಂದ ಕೂಗು ಬಂತು.

ನನ್ನ ಕೈಯ ಕೊಡ ಬಿದ್ದಿತು. ಮೇಸ್ತ್ರಿ ಮಗುವಿನ ಹಾಗೆ ನಗುತ್ತ ಓಡಿ ಬಂದು ಗಾಲಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತು, ಹಬೆಯನ್ನು ನೋಡಿದರು.

"ರವಿವಾರ ಅಷ್ಟ ತೊಳೀತೀವಿ ಅಂದಿದ್ರೆಲ್ರಿ ಅಕ್ಕಾರ?"

"ಇದು ತೊಳಿಯೂದಲ್ಲ," ಎಂದೆ ನಾನು, ತೊದಲುತ್ತ. "ಇದು... ಕಾಲಿಗೆ ನೀರು."

ಅತ್ತೆ ಬಾಗಿಲಿಗೆ ಬಂದಿದ್ದರು. ಅವರನ್ನು ನೋಡಿ ಮೇಸ್ತ್ರಿ ಎದ್ದು ನಿಂತರು, ನಗು ನಿಲ್ಲಿಸಿದರು, ಬಲಗಿವಿ ಅವರ ಕಡೆ ಮಾಡಿದರು. ಆಗ ಗೊತ್ತಾಯಿತು ನನಗೆ: ಟ್ರ್ಯಾಕ್ಟರಿನ ಸದ್ದಿನಲ್ಲಿ ವರ್ಷಗಟ್ಟಲೆ ದುಡಿದು ಅವರ ಎಡಗಿವಿ ಹೋಗಿತ್ತು. ಓರೆ ನೋಟ ಕಣ್ಣಿನದಲ್ಲ, ಕಿವಿಯದು.

"ಅಮ್ಮಾರ, ನೀವು ಮಾಡೂದು ಬರೊಬ್ಬರಿ ಐತ್ರಿ," ಎಂದರು ಅತ್ತೆಗೆ. "ಆದ್ರ ದೂರಿಂದ ಬಂದವ್ರಿಗೆ ಬಂದ ಕೂಡ್ಲೆ ತಣ್ಣೀರು ಹಾಕತೀರೇನ್ರಿ? ಕುಂಡ್ರಸ್ತೀರಿ, ದಣಿವು ಆರ್ಲಿ ಅಂತೀರಿ. ಇದೂ ಹಂಗ. ಇಳಕಲದಾಗ ಬ್ರೇಕ್ ಹಿಡದ ಹಿಡದ ತಾಟು ಹಂಚಿನಂಗ ಕಾದಿರತೈತಿ. ಮ್ಯಾಲೆ ತಣ್ಣೀರು ಬಿದ್ರ ಸೊಟ್ಟಾಗತೈತಿ. ಹಸೀ ತಾಟಿಗೆ ಪ್ಯಾಡು ಹತ್ತಿಕೊಂಡು ವಾರಗಟ್ಲೆ ನಿಂತ್ರ ಅಲ್ಲೆ ಜಂಗು ಹಿಡೀತೈತಿ. ಒಂದ ತಾಸು ಆರ್ಲ್ರಿ. ಚಹಾ ಕುಡದ ಬಂದು ಹಾಕ್ರಿ."

ಅತ್ತೆ ಯೋಚಿಸಿ, "ಅದೂ ಖರೇನ," ಎಂದರು. ತಾವೇ ಒಳಗೆ ಹೋಗಿ ಚಹಾಕ್ಕಿಟ್ಟರು.

ಕಟ್ಟೆಯ ಮೇಲೆ ಕೂತು ಅವರು ಚಹಾ ಕುಡಿಯುವಾಗ ನಾನು ಧೈರ್ಯ ಮಾಡಿ ಕೇಳಿದೆ. ಮೊದಲ ಸಲ ಗಾಡಿ ಬಿಟ್ಟಾಗ ನಲವತ್ತಾರು ಕಿಲೋಮೀಟರ್ ಹೆಚ್ಚಿತ್ತಲ್ಲ, ಎಲ್ಲಿಗೆ ಹೋಗಿದ್ದಿರಿ?

ಅವರಿಗೆ ಬೇಸರವಾಗಲಿಲ್ಲ. ನಾನು ಬರೆದಿಟ್ಟಿದ್ದೆ ಎನ್ನುವುದು ಅವರಿಗೆ ಹಿಡಿಸಿದಂತೆಯೇ ಕಂಡಿತು.

"ನೀವು ಡಂಬಳದ ಈಚೆ ಇಳಕಲಿನ್ಯಾಗ ನಡಗತೈತಿ ಅಂದಿದ್ರೆಲ್ರಿ. ಬಿಂಕದಕಟ್ಟಿ ದಾರ್ಯಾಗ ನಡಗಲಿಲ್ಲ. ಹಂಗಂತ ನೀವು ಸುಳ್ಳ ಹೇಳಿದ್ರಿ ಅನ್ಲಿಕ್ಕೆ ಬರತೈತೇನ್ರಿ? ಅಲ್ಲೇ ಹೋಗಿ ನೋಡಿದೆ. ನಡಗಿತು."

ಅಷ್ಟೇ. ಯಾರೂ ನಂಬದ ನನ್ನ ಒಂದು ಮಾತಿನ ಮೇಲೆ ಆ ಮನುಷ್ಯ ಡಂಬಳದ ತನಕ ಹೋಗಿ ಬಂದಿದ್ದರು.

ಅವರು ಹೊಸ ಡಿಸ್ಕು ಹಾಕಿದರು. ನಮ್ಮ ಮನೆಯವರಿಗೆ "ಹಳೇ ತಾಟು ಕೆಟ್ಟಿತ್ತು" ಎಂದಷ್ಟೇ ಹೇಳಿದರು. ಕೊಡದ ಮಾತು ನನ್ನ, ಅತ್ತೆಯ ಮತ್ತು ಅವರ ನಡುವೆ ಉಳಿಯಿತು. ಆಮೇಲೆ ಇಂದಿನವರೆಗೆ ಸ್ಟೇರಿಂಗ್ ನಡುಗಿಲ್ಲ, ನನ್ನ ಕೈಯ ಮಾತನ್ನು ಯಾರೂ ಎತ್ತಿಲ್ಲ.

ಕಟ್ಟೆಯ ಮೇಲೆ ನಾನು ಆಡಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳಬೇಕೆಂದು ಅಂದೇ ಅನಿಸಿತ್ತು. ಎದುರು ಮನೆಗೆ ಹೋದಾಗ ವೈನಿ ಶ್ಯಾವಿಗೆ ಒಣಹಾಕುವ ಗಡಿಬಿಡಿಯಲ್ಲಿದ್ದರು. "ಗಾಡಿ ಸರಿ ಆತ್ರಿ" ಎಂದೆ. "ಚಲೋ ಆತು ಬಿಡ್ರಿ" ಎಂದರು. ಉಳಿದದ್ದನ್ನು ಹೇಳಲು ನಾಚಿಕೆಯಾಯಿತು. ಹೇಳಿದರೆ ಕೊಡದ ಮಾತೂ ಹೇಳಬೇಕಾಗುತ್ತಿತ್ತು. ನಾಳೆ ಹೇಳೋಣ ಎಂದೆ. ಮುಂದಿನ ವರ್ಷ ಅವರು ಮನೆ ಮಾರಿ ಲಕ್ಷ್ಮೇಶ್ವರಕ್ಕೆ ಹೋದರು.

ವರ್ಷಕ್ಕೆರಡು ಸಲ ಕಾರನ್ನು ಮೇಸ್ತ್ರಿಯ ಹತ್ತಿರ ಒಯ್ಯುತ್ತಿದ್ದೆ. ಕೊನೆಯ ಸಲ ಹೋದಾಗ ಶೆಡ್ಡಿನಲ್ಲಿ ನನ್ನದೊಂದೇ ಗಾಡಿ. ಹಳೆಯ ಪೇಪರು ಹಾಸಿ, ಏನೂ ಬಿಚ್ಚದೆ ಕೂತಿದ್ದರು.

"ಈಗೀಗ ಬೆಟಗೇರಿ ಕಡೆಯವ್ರು ಯಾಕೋ ಬರೂದ ಬಿಟ್ಟಾರ್ರಿ ಅಕ್ಕಾರ," ಎಂದರು, ಗಾಡಿಯ ಬಗ್ಗೆ ಹೇಳುವ ದನಿಯಲ್ಲೇ, ಎಲ್ಲಿ ದೋಷ ಎಂದು ಹುಡುಕುವವರ ಹಾಗೆ. "ನಮ್ಮ ಕಡಿಂದ ಏನ ತಪ್ಪಾತೋ ಗೊತ್ತಾಗವಲ್ದು. ನಿಮ್ಮ ಓಣ್ಯಾಗ ಯಾರರ ಏನರ ಅಂದಾರೇನ್ರಿ?"

ನಾನು ಇಲ್ಲ ಎಂದೆ.

ಮೊನ್ನೆ ಮುಂಡರಗಿಗೆ ಹೋಗುವಾಗ ಆ ಶೆಡ್ಡಿನ ಮುಂದೆ ಕಾರು ನಿಧಾನ ಮಾಡಿದೆ. ಬಾಗಿಲು ಮುಚ್ಚಿತ್ತು. ಅಕ್ಕನ ತಲೆ ಎರೆಯುವಾಗ, "ಯಾಕ, ಇವತ್ತ ಮಾತ ಇಲ್ಲ?" ಎಂದಳು ಅವಳು, ತನ್ನ ತೊದಲು ಮಾತಿನಲ್ಲಿ. ಏನಿಲ್ಲ ಎಂದೆ. ಮೇಸ್ತ್ರಿಯ ಹೆಸರಿಗೆ ನಾನು ಬಳಿದದ್ದು ಇನ್ನೂ ಅಂಟಿಕೊಂಡಿದೆಯೋ, ವೈನಿಯ ಜೊತೆಗೇ ಊರು ಬಿಟ್ಟು ಹೋಯಿತೋ ಎನ್ನುವುದೊಂದೇ ದಿನವಿಡೀ ನನ್ನ ತಲೆಯಲ್ಲಿತ್ತು.

ಸಂಜೆ ಗೇಟಿನ ಹತ್ತಿರ ನಿಂತಿದ್ದೆ. ಎದುರು ಮನೆಯನ್ನು ಕೊಂಡವರ ಸೊಸೆ, ಓಣಿಗೆ ಬಂದು ಮೂರು ವರ್ಷವಾಗಿರಬೇಕು, ಒಣಗಿದ ಅರಿವೆ ತೆಗೆಯುತ್ತಿದ್ದಳು. ಒಳ್ಳೆಯ ಹುಡುಗಿ. ಅವರ ಮನೆಯಲ್ಲೂ ಒಂದು ಹಳೆಯ ಕಾರಿದೆ. ನಾನಾಗಿಯೇ ಹೇಳಿದೆ: ಮುಂಡರಗಿ ರಸ್ತೆಯ ಮೇಸ್ತ್ರಿ ತೀರಿಕೊಂಡರಂತೆ, ಭಾಳ ಚಲೋ ಮನುಷ್ಯ, ಕೆಲಸದಲ್ಲಿ ಅಂಥವರು ಸಿಗುವುದಿಲ್ಲ.

"ಯಾರು, ಆ ಬ್ರೇಕಿನ ಮೇಸ್ತ್ರಿನೇನ್ರಿ ಆಂಟಿ? ಪಾಪ," ಎಂದಳು ಅವಳು, ಹಲ್ಲಿನಲ್ಲಿ ಕಚ್ಚಿದ್ದ ಕ್ಲಿಪ್ಪು ತೆಗೆದು. "ನಮ್ಮವ್ರು ಒಂದೆರಡು ಸಲ ಗಾಡಿ ಅಲ್ಲಿಗೇ ಒಯ್ಯೋಣು ಅಂದಿದ್ರು. ನಾನ ಬ್ಯಾಡ ಅಂದೆ. ಬಿಟ್ಟ ಗಾಡಿ ತಗೊಂಡು ಊರ ತಿರಗತಿದ್ನಂತಲ್ರಿ? ಈ ಓಣ್ಯಾಗ ಎಲ್ಲಾರಿಗೂ ಗೊತ್ತೈತಿ."